ಎರಡು ಚೀಲದ ಸೈಕಲ್ಲು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಸಿಟ್ಟಾಗುತ್ತಿದ್ದರು ಎಂದಲ್ಲ. ಅವರು ಮಾಡುತ್ತಿದ್ದ ಕೆಲಸದಲ್ಲಿ ಹೆಸರಿಗೆ ಇದ್ದ ಜಾಗವೇ ಉಗುರಿನಷ್ಟು. ವಿಕ್ರೋಳಿಯಲ್ಲಿ ಯಂತ್ರಗಳನ್ನು ತಯಾರಿಸುವ ಒಂದು ಕಂಪನಿಯ ಡ್ರಾಯಿಂಗ್ ಆಫೀಸಿನಲ್ಲಿ ಅವರು ಟ್ರೇಸರ್ ಆಗಿದ್ದರು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳ್ಳನೆಯ ಹಾಳೆ ಹಾಸಿ, ಕಪ್ಪು ಶಾಯಿಯಲ್ಲಿ ಅದೇ ಗೆರೆಗಳನ್ನು ಇಳಿಸುವ ಕೆಲಸ. ಹಾಳೆಯ ಬಲಮೂಲೆಯಲ್ಲಿ ನಾಲ್ಕು ಮನೆಯ ಒಂದು ಪಟ್ಟಿ ಇರುತ್ತದಂತೆ: ಬರೆದವರು, ಟ್ರೇಸ್ ಮಾಡಿದವರು, ಚೆಕ್ ಮಾಡಿದವರು, ಅಪ್ರೂವ್ ಮಾಡಿದವರು. ಎರಡನೆಯ ಮನೆಯಲ್ಲಿ ಇವರ ಎರಡಕ್ಷರ. ಅಷ್ಟೇ.

"ಬೇರೆಯವರ ಗೆರೆ ಮೇಲೆ ನಡೆಯೋದು ಕಣ್ರೀ ನಮ್ಮ ಉದ್ಯೋಗ. ಸೊಸೆಯಾಗಿ ಬಂದವರಿಗೆ ಅದೇನು ಹೊಸದಲ್ಲ," ಎಂದು ನಗುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿಯನ್ನು ಕಾಂದಿವಲಿಯ ಹಳೆಯ ನೆರೆಯವರೊಬ್ಬರು ಫೋನಿನಲ್ಲಿ ತಿಳಿಸಿದರು. ಫೋನಿಟ್ಟ ಮೇಲೆ ಏನು ಮಾಡಬೇಕೆಂದು ತೋಚದೆ ಅಟ್ಟದ ಮೇಲಿಂದ ಒಂದು ಚೀಲ ಇಳಿಸಿಕೊಂಡು ಕೂತೆ. ಹಳೆಯ ಹೋಲ್ಡಾಲಿನ ಕ್ಯಾನ್‌ವಾಸ್ ಕತ್ತರಿಸಿ ನಾನೇ ಅವರಿಗೆ ಹೊಲಿದದ್ದು, ನಾವು ಕಾಂದಿವಲಿ ಬಿಡುವಾಗ ಅವರು ವಾಪಸು ಕೊಟ್ಟದ್ದು. ದೊಡ್ಡ ಜರಡಿಯ ಹಾಗೆ ದುಂಡಗಿದೆ. ತಳದಲ್ಲಿ ತೇಪೆ, ಅದರ ಮೇಲೊಂದು ತೇಪೆ, ಆ ತೇಪೆಯೂ ಸವೆದು ನೂಲು ಎದ್ದಿದೆ. ಮೂಗಿನ ಹತ್ತಿರ ಹಿಡಿದರೆ ಈಗಲೂ ಗ್ರೀಸಿನ ವಾಸನೆ.

ನಾವು ಬೆಂಗಳೂರಿನಿಂದ ಕಾಂದಿವಲಿಗೆ ಬಂದಾಗ ಅವರು ನಮ್ಮ ಮೇಲಿನ ಮಹಡಿಯಲ್ಲಿದ್ದರು. ಮೈಸೂರಿನವರು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದು ರೂಮು, ಒಂದು ಅಡುಗೆಮನೆ, ಅದರಲ್ಲಿ ಅತ್ತೆ ಮತ್ತು ಸೊಸೆ. ಕನ್ನಡದವರು ಬಂದಿದ್ದಾರೆಂದು ತಿಳಿದು ಮೊದಲ ದಿನವೇ ಒಂದು ಲೋಟ ಹೆಪ್ಪಿನ ಮೊಸರು ತಂದುಕೊಟ್ಟರು. ನಾನು "ಥ್ಯಾಂಕ್ ಯೂ ಸೋ ಮಚ್" ಎಂದುಬಿಟ್ಟೆ. ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಕಾನ್ವೆಂಟಾ?" ಎಂದರು. ಹೌದೆಂದೆ. ಅಲ್ಲಿಂದ ನನಗೆ ಅದೇ ಹೆಸರಾಯಿತು. ಕಿಟಕಿಯಿಂದ ಬಗ್ಗಿ, "ರೀ ಕಾನ್ವೆಂಟು, ಕರಿಬೇವು ಇದೆಯಾ?" ಎಂದು ಕೂಗಿದರೆ ಇಡೀ ಬಿಲ್ಡಿಂಗಿಗೆ ಕೇಳುತ್ತಿತ್ತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ಬಲಗೈಯ ನಡುಬೆರಳಿನ ಉಗುರಿನ ಅಂಚಿನಲ್ಲಿ ಯಾವಾಗಲೂ ಶಾಯಿಯ ಒಂದು ಕಪ್ಪು ಗೆರೆ ಇರುತ್ತಿತ್ತು, ತೊಳೆದರೂ ಹೋಗದ್ದು. ಹುರುಳಿಕಾಯಿ ಹೆಚ್ಚಿದರೆ ಎಲ್ಲ ಒಂದೇ ಉದ್ದ. ಬಾಗಿಲ ಮುಂದೆ ರಂಗೋಲಿಯ ಎಳೆ ಎಳೆಯುವಾಗ ಎಡಗಣ್ಣು ಮುಚ್ಚಿ, ಉಸಿರು ಹಿಡಿದು, ಎಳೆ ಮುಗಿದ ಮೇಲೆ ಬಿಡುತ್ತಿದ್ದರು. "ನಡುವೆ ಉಸಿರು ಬಿಟ್ಟರೆ ಗೆರೆ ನಡುಗತ್ತೆ," ಎನ್ನುವರು. ಪರ್ಸಿನಲ್ಲಿ ಮಡಿಸಿದ ಕಾಗದದೊಳಗೆ ಅರ್ಧ ಬ್ಲೇಡು ಇಟ್ಟುಕೊಂಡಿರುತ್ತಿದ್ದರು. ಶಾಯಿಯ ಗೆರೆ ತಪ್ಪಿದರೆ ರಬ್ಬರಿನಿಂದ ಹೋಗುವುದಿಲ್ಲ, ಬ್ಲೇಡಿನ ಅಂಚಿನಿಂದ ಹಾಳೆಗೆ ನೋವಾಗದಂತೆ ಕೆರೆದು ತೆಗೆಯಬೇಕು. ಅವಸರದವರು ಹಾಳೆ ಹರಿಯುತ್ತಾರೆ. ಇವರು ಹರಿದದ್ದನ್ನು ಯಾರೂ ನೋಡಿರಲಿಲ್ಲ.

ತೊಂಬತ್ತರ ದಶಕ ಶುರುವಾಗುತ್ತಿದ್ದ ಕಾಲ. ಕಂಪನಿಗಳು ಒಂದೊಂದಾಗಿ ಬಾಂಬೆ ಬಿಟ್ಟು ಹೊರಗೆ ಹೋಗತೊಡಗಿದ್ದವು. ಇವರ ಡ್ರಾಯಿಂಗ್ ಆಫೀಸನ್ನೂ ವಿರಾರ್ ದಾಟಿ, ಶಟಲ್ ರೈಲಿನಲ್ಲಿ ಹೋಗಬೇಕಾದ ಒಂದು ಸಣ್ಣ ಸ್ಟೇಷನ್ನಿನ ಆಚೆಗೆ ಸಾಗಿಸುವುದೆಂದಾಯಿತು. ಸ್ಟೇಷನ್ನಿಗೂ ಹೊಸ ಕಾರ್ಖಾನೆಗೂ ನಡುವೆ ಒಂದು ಗುಡ್ಡ. ಸುತ್ತು ಬಳಸಿ ಬರುವ ರಸ್ತೆಯಲ್ಲಿ ಟೆಂಪೋ ಇತ್ತು, ಆದರೆ ಜನ ತುಂಬುವ ತನಕ ಹೊರಡುತ್ತಿರಲಿಲ್ಲ. ಗುಡ್ಡದ ಮೇಲಿನ ಕಲ್ಲುಹಾದಿ ಹತ್ತಿರದ್ದು, ಆದರೆ ನಡೆದರೆ ಕೆಲಸ ಶುರುವಾಗುವ ಬೆಳಗಿನ ಒಂಬತ್ತು ಗಂಟೆಯ ಒಳಗೆ ಮುಟ್ಟುವಂತಿರಲಿಲ್ಲ. ಸಾಹೇಬರು ಹೆಂಗಸರನ್ನೆಲ್ಲ ಕರೆಸಿ, ಬಹಳ ಮೆತ್ತಗಿನ ದನಿಯಲ್ಲಿ, "ಅಲ್ಲಿಗೆ ಬರೋದು ನಿಮ್ಮಿಂದ ಆಗೋ ಕೆಲಸ ಅಲ್ಲ, ಮೇಡಂ. ಬಿಟ್ಟುಬಿಡಿ, ಕೊಡೋದನ್ನ ಕೊಡ್ತೀವಿ," ಎಂದರಂತೆ. ಉಳಿದ ಟ್ರೇಸರುಗಳೆಲ್ಲ ಒಪ್ಪಿಕೊಂಡರು. ಇವರಿಗೆ ಮಾತ್ರ ಆ ಮೆತ್ತಗಿನ ದನಿ ಕಿವಿಯಲ್ಲಿ ಉಳಿದುಬಿಟ್ಟಿತು. ಹೊಸ ಜಾಗದಲ್ಲಿ ಇಂಥ ಸೋಮವಾರ ಒಂಬತ್ತಕ್ಕೆ ಹಾಜರಾಗದಿದ್ದವರು ತಾವಾಗಿಯೇ ಬಿಟ್ಟಂತೆ ಲೆಕ್ಕ.

ಬಿಟ್ಟರೆ ಮುಂದೇನು ಎಂಬುದೂ ಗೊತ್ತಿತ್ತು. ತುಮಕೂರಿನಿಂದ ಮೈದುನ ಫೋನು ಮಾಡಿದ್ದ: ಮನೆ ಖಾಲಿ ಮಾಡಿ ಇಬ್ಬರೂ ಬಂದುಬಿಡಿ, ಹಿಂದಿನ ರೂಮು ಬಿಡಿಸಿಕೊಡ್ತೀನಿ. ಫೋನು ನಮ್ಮ ಮನೆಗೆ ಬಂದದ್ದರಿಂದ ನಾನು ಅಲ್ಲೇ ಇದ್ದೆ. ಅತ್ತೆಯೂ ಗೋಡೆ ಹಿಡಿದುಕೊಂಡು ಇಳಿದು ಬಂದಿದ್ದರು, ಅವರಿಗೆ ಸೊಂಟದ ನೋವು.

"ಹೋಗೋಣ ಬಿಡೇ," ಎಂದರು ಅತ್ತೆ. "ಎರಡು ಹೊತ್ತು ಅನ್ನ ಹಾಕ್ತಾನೆ. ಹೋಗಿ ಒಂದು ಮೂಲೇಲಿ ಬಿದ್ದಿರೋಣ."

"ನೀವು ಬಿದ್ದಿರಿ ಅತ್ತೆ, ನಿಮ್ಮ ಮಗ. ನನಗೆ ಮೂಲೆ ಸಾಕಾಗಿದೆ. ಇಷ್ಟು ವರ್ಷ ಮೂಲೇಲೇ ಎರಡಕ್ಷರ ಬರೆದಿದ್ದೀನಿ."

ಮುಂದಿನ ಭಾನುವಾರ ಅವರೊಬ್ಬರೇ ಹೋಗಿ ಆ ಸ್ಟೇಷನ್ನಿನ ಹತ್ತಿರ ಬಾಡಿಗೆ ಸೈಕಲ್ಲು ತೆಗೆದುಕೊಂಡು ಗುಡ್ಡ ಹತ್ತಲು ನೋಡಿ ಬಂದರು. ಮೈಸೂರಿನಲ್ಲಿ ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವರು, ತುಳಿಯುವುದು ಮರೆತಿರಲಿಲ್ಲ. ಸಂಜೆ ಬಂದಾಗ ಸೆರಗಿಗೆ ಚೈನಿನ ಹಲ್ಲಿನ ಗುರುತು, ಮೊಣಕೈಯಲ್ಲಿ ತರಚು.

"ಹತ್ತಿತಾ ಅಕ್ಕ?"

"ಇಲ್ಲ. ಸಣ್ಣ ಟೈರು, ಕಲ್ಲಿನ ಮೇಲೆ ಜಾರತ್ತೆ. ಚೈನು ಎರಡು ಸಲ ಬಿತ್ತು. ಈ ಸೈಕಲ್ಲು ಹತ್ತಲ್ಲ." ಬಕೆಟ್ಟಿನಲ್ಲಿ ಕಾಲು ತೊಳೆದುಕೊಳ್ಳುತ್ತ, "ಸೈಕಲ್ಲು ಹತ್ತಲ್ಲ ಅಂದೆ. ನಾನು ಅಂದಿಲ್ಲ," ಎಂದರು.

ಮೊದಲ ಮಹಡಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದರು. ಹೊಟ್ಟೆ ಕರಗಿಸಬೇಕೆಂದು ಗಲ್ಫಿನಲ್ಲಿದ್ದ ಭಾವಮೈದುನನಿಂದ ಒಂದು ಮೌಂಟನ್ ಬೈಕ್ ತರಿಸಿಕೊಂಡಿದ್ದರು. ನೀಲಿ ಬಣ್ಣ, ಹೆಬ್ಬಾವಿನಂಥ ಟೈರು, ಹ್ಯಾಂಡಲ್ಲಿನ ಮೇಲೇ ಗೇರು. ಒಂದೆರಡು ಬೆಳಗ್ಗೆ ತುಳಿದು ಬಿಟ್ಟಿದ್ದರು. ಆಮೇಲೆ ಅದು ಮೆಟ್ಟಿಲ ಕೆಳಗೆ ನಿಂತು, ಅದರ ಮೇಲೆ ಅವರ ಮನೆಯ ಟವೆಲುಗಳು ಒಣಗುತ್ತಿದ್ದವು. ಸೊಸೈಟಿಯ ಸೆಕ್ರೆಟರಿ ದಿನಾ ಜಗಳ: ಪ್ಯಾಸೇಜಿನಲ್ಲಿ ಸೈಕಲ್ಲು ಇಡಬಾರದು. ಅಕ್ಕ ಹೋಗಿ ಕೇಳಿದ್ದೇ ತಡ, ಡಾಕ್ಟರು ಟವೆಲು ತೆಗೆದು ಸೈಕಲ್ಲು ಕೊಟ್ಟುಬಿಟ್ಟರು. ಅದರ ಬದಲಿಗೆ ಅಕ್ಕ ಏನು ಕೊಟ್ಟರೆಂದು ನಾನು ಕೇಳಲಿಲ್ಲ.

ಈಗ ಹೊಸ ತೊಡಕು. ಪ್ಯಾಸೇಜಿನಲ್ಲಿ ಇಡುವಂತಿಲ್ಲ, ಒಂದೇ ರೂಮಿನ ಮನೆಯಲ್ಲಿ ಅತ್ತೆ ಮಲಗಿದರೆ ಕಾಲಿಡಲು ಜಾಗವಿಲ್ಲ. ಸ್ಟೇಷನ್ನಿನ ಹತ್ತಿರ ಬಿಟ್ಟು ಬಂದರೆ ಮರುದಿನಕ್ಕೆ ಉಳಿಯುವುದಿಲ್ಲ. ರೈಲಿನ ಲೇಡೀಸ್ ಡಬ್ಬಿಯಲ್ಲಿ ಸೈಕಲ್ಲು ಹತ್ತಿಸಲು ಬಿಡುವುದಿಲ್ಲ.

ಒಂದು ಸಂಜೆ ನನ್ನನ್ನು ಮೇಲಕ್ಕೆ ಕರೆದರು. ಊಟದ ಮಣೆಯ ಮೇಲೆ ಒಂದು ನಕ್ಷೆ. ಸೈಕಲ್ಲಿನ ನಡುವೆ ಇರುವ ಎರಡು ಕೊಳವೆಗಳನ್ನೂ ಕತ್ತರಿಸಿ, ಮುಂದಿನ ಅರ್ಧಕ್ಕೆ ಒಂದೊಂದು ಗಿಡ್ಡ, ಟೊಳ್ಳು ತೋಳು ಬೆಸೆಯುವುದು. ಹಿಂದಿನ ಅರ್ಧದ ಕೊಳವೆಗಳು ಆ ತೋಳಿನೊಳಗೆ ಹೋಗಿ ಕೂತ ಮೇಲೆ ಬೋಲ್ಟು ಬಿಗಿಯುವುದು. ಬಿಚ್ಚಿದರೆ ಎರಡು ಅರ್ಧ, ಎರಡು ಚಕ್ರ, ಒಂದು ಹ್ಯಾಂಡಲ್ಲು. ಎರಡು ಚೀಲಕ್ಕೆ ಸರಿ. ಗೆರೆಗಳು ಅಚ್ಚು ಹಾಕಿದಂತಿದ್ದವು. ನಾನು ಮಾತ್ರ ಮೂಲೆಯ ಪಟ್ಟಿಯನ್ನೇ ನೋಡಿದೆ. ಅವರ ಎರಡಕ್ಷರ ಮೊದಲ ಸಲ 'ಬರೆದವರು' ಎಂಬ ಮನೆಯಲ್ಲಿತ್ತು. ಎರಡನೆಯ ಮನೆಯಲ್ಲೂ ಇತ್ತು.

"ಮೂರನೇದರಲ್ಲಿ ನೀವು ಸೈನ್ ಹಾಕಿ," ಎಂದರು.

"ನಾನಾ? ನನಗೇನು ಗೊತ್ತಾಗತ್ತೆ ಅಕ್ಕ?"

"ಬಟ್ಟೆ ಕತ್ತರಿಸೋವಾಗ ಏನು ನೋಡ್ತೀರಿ? ಹೊಲಿಗೆಗೆ ಬಿಟ್ಟ ಜಾಗ ಸಾಕಾ ಅಂತ ತಾನೆ? ಅದನ್ನೇ ನೋಡಿ. ಇದು ಕಬ್ಬಿಣದ ರವಿಕೆ ಅಂದ್ಕೊಳ್ಳಿ."

ನೋಡಿದೆ. ತೋಳಿಗೂ ಕೊಳವೆಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟಿದ್ದರು. ಸ್ವಲ್ಪ ಸಡಿಲ ಇರಬೇಡವೇ ಎಂದೆ. ಸಡಿಲ ಬಿಟ್ಟರೆ ಗುಡ್ಡದ ಮೇಲೆ ಲಟಲಟ ಅನ್ನತ್ತೆ, ಬಿಗಿಯಾಗೇ ಇರಲಿ ಎಂದರು. ನಾನು ಸಿಸ್ಟರುಗಳು ಕಲಿಸಿದ ದುಂಡಕ್ಷರದಲ್ಲಿ ಸಹಿ ಹಾಕಿದೆ.

"ಅಪ್ರೂವ್ ಮಾಡೋರು?"

"ಅದು ಖಾಲಿ ಇರಲಿ. ಅದನ್ನ ಗುಡ್ಡ ಹಾಕಬೇಕು."

ಜೋಗೇಶ್ವರಿಯ ಒಂದು ಸಣ್ಣ ವರ್ಕ್‌ಶಾಪಿಗೆ ನಾನೂ ಜೊತೆಗೆ ಹೋಗಿದ್ದೆ. ವೆಲ್ಡಿಂಗಿನ ಕನ್ನಡಕ ಹಣೆಗೇರಿಸಿಕೊಂಡಿದ್ದ ಮಾಲೀಕ ಹೊಸ ಸೈಕಲ್ಲನ್ನೂ ನಕ್ಷೆಯನ್ನೂ ನೋಡಿ, "ಬಾಯಿ, ಲೋಗ್ ಟೂಟಾ ಹುವಾ ಜೋಡ್ನೇ ಆತೇ ಹೈಂ. ಆಪ್ ಅಚ್ಛಾ ಖಾಸಾ ತೋಡ್ನೇ ಆಯೀ?" ಎಂದ. ಜನ ಮುರಿದದ್ದನ್ನು ಜೋಡಿಸಲು ಬರುತ್ತಾರೆ, ನೀವು ಚೆನ್ನಾಗಿರೋದನ್ನ ಮುರಿಯೋಕೆ ಬಂದಿರಾ ಅಂತ.

"ತೋಡ್ನೇ ನಹೀಂ. ಖೋಲ್ನೇ," ಎಂದರು ಅಕ್ಕ. ಮುರಿಯೋದಲ್ಲ, ಬಿಚ್ಚೋದು.

ಗರಗಸ ಕೊಳವೆಯ ಮೇಲೆ ಕೂತಾಗ ನಾನು ಮುಖ ತಿರುಗಿಸಿಕೊಂಡೆ. ಅವರು ನೋಡುತ್ತಲೇ ಇದ್ದರು, ಉಸಿರು ಹಿಡಿದು.

ಅತ್ತೆಗೆ ಇದು ಯಾವುದೂ ಹಿಡಿಸಲಿಲ್ಲ. ಸೈಕಲ್ಲಿನ ತುಂಡುಗಳು ಅವರ ಮಂಚದ ಕೆಳಗೇ ಸೇರಿದ್ದವು. ನಾನು ಚೀಲದ ಅಳತೆಗೆ ಹೋದಾಗಲೆಲ್ಲ ಶುರುಮಾಡುವರು.

"ನೋಡು ಮಗೂ, ಈ ವಯಸ್ಸಿಗೆ ಇವಳು ಸೈಕಲ್ ತುಳೀತಾಳಂತೆ. ನೋಡಿದವರು ನಗಲ್ವಾ?"

"ನಗೋರು ನನ್ನ ಬದಲು ಕೆಲಸಕ್ಕೆ ಹೋಗ್ತಾರಾ ಕೇಳಿ ಅತ್ತೆ," ಎಂದು ಒಳಗಿನಿಂದ ಉತ್ತರ.

"ಸೀರೆ ಚೈನಿಗೆ ಸಿಕ್ಕಿಕೊಂಡು ಬೀಳ್ತೀಯ."

"ಪ್ಯಾಂಟು ಹಾಕ್ಕೋತೀನಿ ಬಿಡಿ."

ಅತ್ತೆ ಮಂಚದ ಮೇಲೆ ಎದ್ದು ಕೂತರು. ಆಮೇಲೆ ನನ್ನ ಕೈಲಿ ತಮ್ಮ ಟ್ರಂಕು ತೆಗೆಸಿದರು. ಅಡಿಯಲ್ಲಿ ಕರ್ಪೂರದ ಗುಳಿಗೆಗಳ ನಡುವೆ ಒಂದು ಹಸಿರು ನೂಲಿನ ಸೀರೆ. ಹದಿನೆಂಟು ಮೊಳದ್ದು, ಕಚ್ಚೆ ಹಾಕಿ ಉಡುವುದು. ಅವರು ಮುತ್ತೈದೆಯಾಗಿದ್ದಾಗ ಉಟ್ಟದ್ದು. "ಇದನ್ನ ಉಟ್ಟುಕೊಂಡು ನಾನು ಬಾವಿಯಿಂದ ನೀರು ಸೇದಿದ್ದೀನಿ, ಭತ್ತ ಕುಟ್ಟಿದ್ದೀನಿ. ಯಾವ ಚೈನಿಗೂ ಸಿಕ್ಕಲ್ಲ. ಪ್ಯಾಂಟಂತೆ! ಬಾ ಇಲ್ಲಿ," ಎಂದು ಸೊಸೆಯನ್ನು ಎದುರಿಗೆ ನಿಲ್ಲಿಸಿಕೊಂಡು, ಮಂಚದ ಮೇಲೆ ಕೂತೇ ಕಚ್ಚೆ ಕಟ್ಟಿಸಿದರು. ಮುಗಿದ ಮೇಲೆ, "ಆದ್ರೂ ನಂಗೆ ಇದು ಇಷ್ಟ ಇಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಹಾಜರಾಗಬೇಕಾದ ಸೋಮವಾರದ ಹಿಂದಿನ ಸಂಜೆ ಅಕ್ಕ ರೈಲಿನ ಪಾಸು ಮಾಡಿಸಲು ಹೋಗಿದ್ದಾಗ, ಅತ್ತೆ ಮೆಟ್ಟಿಲ ಮೇಲಿಂದ ನನ್ನನ್ನು ಕರೆದು ಒಂದು ಚಿಟಿಕೆ ಕುಂಕುಮ ಕೇಳಿದರು. ಇಬ್ಬರು ವಿಧವೆಯರ ಮನೆ, ಅಲ್ಲಿ ಕುಂಕುಮದ ಭರಣಿ ಇರಲಿಲ್ಲ. ದೇವರಿಗಿರಬೇಕೆಂದುಕೊಂಡು ನನ್ನ ಭರಣಿಯಿಂದ ಕಾಗದದಲ್ಲಿ ಕಟ್ಟಿಕೊಟ್ಟೆ. "ಅಕ್ಕಿಗೆ ಕಲೆಸಬೇಕು, ಇನ್ನೊಂದು ಚೂರು ಕೊಡು," ಎಂದರು. ಕೊಟ್ಟೆ.

ಸೋಮವಾರ ಬೆಳಗಿನ ಮೊದಲ ಲೋಕಲ್ಲುಗಳಲ್ಲೊಂದಕ್ಕೆ ನಾವಿಬ್ಬರೂ ಹೊರಟೆವು. ಮೊದಲ ದಿನ ಒಂದು ಜೊತೆ ಕೈ ಹೆಚ್ಚಿಗೆ ಇರಲಿ ಎಂದು ನಾನು ಸ್ಟೇಷನ್ನಿನ ತನಕ ಹೋಗುವುದೆಂದು ಮಾತಾಗಿತ್ತು. ಹಸಿರು ಕಚ್ಚೆ ಸೀರೆ, ಕಾಲಿಗೆ ಕ್ಯಾನ್‌ವಾಸ್ ಶೂ, ಹೆಗಲಿಗೆ ಊಟದ ಡಬ್ಬಿಯ ಚೀಲ. ಸೈಕಲ್ಲಿನ ಒಂದು ಚೀಲ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ವಿರಾರಿನ ತನಕ ಸುಲಭ. ಅಲ್ಲಿ ಶಟಲ್ಲಿನ ಲೇಡೀಸ್ ಡಬ್ಬಿ ಆಗಲೇ ತುಂಬಿತ್ತು. ಹಳ್ಳಿಯ ಶಾಲೆಗಳಿಗೆ ಅಪ್‌ಡೌನ್ ಮಾಡುವ ಟೀಚರುಗಳು, ನರ್ಸುಗಳು, ಮೀನಿನ ಖಾಲಿ ಬುಟ್ಟಿ ಹಿಡಿದ ಬೆಸ್ತರ ಹೆಂಗಸರು, ನಿಲ್ಲಲೂ ಜಾಗವಿಲ್ಲ. ಚೀಲಗಳು ಮೇಲಿನ ಹಲಗೆಗೂ ಹತ್ತಲಿಲ್ಲ.

ಬಾಂಬೆಯ ರೈಲಿನಲ್ಲಿ ಒಂದು ಪದ್ಧತಿಯಿದೆ. ಕೂತವರು ನಿಂತವರ ಚೀಲವನ್ನು ತಮ್ಮ ಮಡಿಲಿಗೆ ತೆಗೆದುಕೊಳ್ಳುತ್ತಾರೆ, ಯಾರದು ಏನೆಂದು ಕೇಳುವುದಿಲ್ಲ. ಒಬ್ಬ ಟೀಚರು "ದ್ಯಾ ಇಕಡೇ," ಇತ್ತ ಕೊಡಿ ಎಂದು ಕೈ ಚಾಚಿದರು. ಅಕ್ಕ ಚೀಲ ಬಿಚ್ಚಿ ಒಂದು ಚಕ್ರ ಕೊಟ್ಟರು. ಪಕ್ಕದ ಟೀಚರಿಗೆ ಇನ್ನೊಂದು ಚಕ್ರ. ಎದುರಿನ ನರ್ಸಿನ ಮಡಿಲಿಗೆ ಹ್ಯಾಂಡಲ್ಲು. ಬಾಗಿಲ ಬಳಿ ಬುಟ್ಟಿಯ ಮೇಲೆ ಕೂತಿದ್ದ ಬೆಸ್ತರ ಮುದುಕಿಗೆ ಮುಂದಿನ ಅರ್ಧ, ಅವಳ ಕಾಲ ಬಳಿ ತೂರಿಕೊಂಡು ಕೂತ ನನಗೆ ಹಿಂದಿನ ಅರ್ಧ. ಇಡೀ ಸೈಕಲ್ಲು ಐದು ಮಡಿಲಲ್ಲಿ ಕೂತಿತು.

ಅಷ್ಟರಲ್ಲಿ ಟಿಕೆಟ್ ಕಲೆಕ್ಟರ್ ಹತ್ತಿದ.

"ಸೈಕಲ್ ಯಾರದು? ಡಬ್ಬಿಯಲ್ಲಿ ಸೈಕಲ್ ತರೋ ಹಾಗಿಲ್ಲ," ಎಂದ ಮರಾಠಿಯಲ್ಲಿ.

"ಸೈಕಲ್? ಕುಠೇ ಆಹೇ ಸೈಕಲ್?" ಎಲ್ಲಿದೆ ಸೈಕಲ್ಲು ಎಂದು ಟೀಚರು ಆಚೆ ಈಚೆ ನೋಡಿದರು.

"ನಿಮ್ಮ ಮಡಿಲಲ್ಲಿ ಏನಿದೆ?"

"ಇದಾ? ಇದು ಚಕ್ರ. ಶಾಲೆಯಲ್ಲಿ ಮಕ್ಕಳಿಗೆ ವೃತ್ತ ತೋರಿಸೋಕೆ."

ಬೆಸ್ತರ ಮುದುಕಿ ಸೈಕಲ್ಲಿನ ಅರ್ಧವನ್ನು ಅಪ್ಪಿಕೊಂಡು, "ಮೊದಲು ಪೂರ್ತಿ ಸೈಕಲ್ಲು ಹುಡುಕಿ ತಾರೋ ಅಳಿಯಪ್ಪ, ಆಮೇಲೆ ದಂಡ ಕಟ್ತೀವಿ," ಎಂದಳು. ಇಡೀ ಡಬ್ಬಿ ನಕ್ಕಿತು. ಅವನೂ ನಗು ತಡೆಯಲಾರದೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋದ.

ನಮ್ಮ ಸ್ಟೇಷನ್ನಿನಲ್ಲಿ ಟೀಚರುಗಳೂ ಮುದುಕಿಯೂ ಇಳಿದರು, ಅವರ ಸ್ಟೇಷನ್ನೂ ಅದೇ. ನರ್ಸು ಹ್ಯಾಂಡಲ್ಲನ್ನು ಬಾಗಿಲ ತನಕ ತಂದು ದಾಟಿಸಿದಳು. ಪ್ಲ್ಯಾಟ್‌ಫಾರ್ಮಿನ ಆಚೆ ಗುಡ್ಡ ಕಾಣುತ್ತಿತ್ತು. ನಾನಂದುಕೊಂಡದ್ದಕ್ಕಿಂತ ಎತ್ತರ, ಬೋಳು, ನಡುವೆ ಬಿಳಿ ಗೀಟಿನ ಹಾಗೆ ಕಲ್ಲುಹಾದಿ. ಅಕ್ಕ ಅದರ ಕಡೆ ನೋಡಲೇ ಇಲ್ಲ. ಬೆಂಚಿನ ಮೇಲೆ ತುಂಡುಗಳನ್ನಿಟ್ಟು, ಹಿಂದಿನ ಅರ್ಧವನ್ನು ಮುಂದಿನ ಅರ್ಧದ ತೋಳುಗಳೊಳಗೆ ತಳ್ಳಿದರು.

ಅದು ಅರ್ಧಕ್ಕೆ ನಿಂತುಬಿಟ್ಟಿತು.

ಮನೆಯಲ್ಲಿ ಎಷ್ಟು ಸಲ ಹಾಕಿ ತೆಗೆದಿದ್ದರೋ, ಒಮ್ಮೆಯೂ ಹೀಗಾಗಿರಲಿಲ್ಲ. ಇನ್ನಷ್ಟು ತಳ್ಳಿದರು. ಒಳಗೆ ಏನೋ ನುಜ್ಜಾದ ಸದ್ದು. ಈಗ ಒಳಗೂ ಹೋಗದು, ಹೊರಗೂ ಬಾರದು. ಸ್ಟೇಷನ್ನಿನ ಗಡಿಯಾರ ನನ್ನ ಎದುರಿಗೇ ಇತ್ತು. ಸ್ಟೇಷನ್ನಿನ ಹೊರಗೆ ಟೆಂಪೋ ಖಾಲಿ ನಿಂತಿತ್ತು, ಡ್ರೈವರು ಹಲ್ಲುಜ್ಜುತ್ತಿದ್ದ.

"ಎಳೀರಿ," ಎಂದರು ಅಕ್ಕ. ಒಂದು ಕಡೆ ನಾನು ಮತ್ತು ಅಕ್ಕ, ಇನ್ನೊಂದು ಕಡೆ ಇಬ್ಬರು ಟೀಚರುಗಳು. ಮುದುಕಿ ಬುಟ್ಟಿ ಇಳಿಸಿ, ಟೀಚರ ಸೊಂಟ ಹಿಡಿದುಕೊಂಡು, "ಹೈಸಾ!" ಎಂದು ಬೋಟು ಎಳೆಯುವ ಕೂಗು ಹಾಕಿದಳು. ಮೂರನೆಯ ಹೈಸಾಕ್ಕೆ ಅದು ಕಿತ್ತುಕೊಂಡು ಬಂತು, ಟೀಚರು ಮುದುಕಿಯ ಮೇಲೆ ಕೂತುಬಿಟ್ಟರು.

ಕೆಳಗಿನ ತೋಳಿನ ಬಾಯಿ ಕೆಂಪಗಿತ್ತು. ಒಳಗೆಲ್ಲ ಎಣ್ಣೆಯಲ್ಲಿ ಕಲೆಸಿದ ಕುಂಕುಮ ಮೆತ್ತಿ, ಅದರಲ್ಲಿ ಅಕ್ಷತೆಯ ಕಾಳು ನುಜ್ಜಾಗಿ ಅಂಟಿಕೊಂಡಿತ್ತು. ಆಯುಧಪೂಜೆಯಲ್ಲಿ ಹತಾರಕ್ಕೆ ಇಡುವ ಹಾಗೆ ಇಟ್ಟಿದ್ದರು. ಮೇಲೆ ಎಲ್ಲೂ ಒಂದು ಬೊಟ್ಟಿಲ್ಲ. ಕಣ್ಣಿಗೆ ಬೀಳದ ಕಡೆ, ಒಳಗೆ ಮಾತ್ರ.

"ಅಕ್ಕ, ನಿಮ್ಮ ಅತ್ತೆ ನಿನ್ನೆ ಸಂಜೆ ನನ್ನ ಹತ್ತಿರ..." ಎಂದೆ. ಮುಂದೆ ಹೇಳಬೇಕಾಗಲಿಲ್ಲ.

ಅವರು ಆ ಕೆಂಪನ್ನು ನೋಡುತ್ತ ಒಂದು ಕ್ಷಣ ನಿಂತರು. ಇಷ್ಟು ವರ್ಷಗಳಲ್ಲಿ ಅವರ ಕಣ್ಣಿನಲ್ಲಿ ನೀರು ನೋಡಿದ್ದು ಆಗಲೇ, ಅದೂ ಇಳಿಯಲಿಲ್ಲ. ಆಮೇಲೆ ಪರ್ಸು ತೆಗೆದು, ಮಡಿಸಿದ ಕಾಗದ ಬಿಚ್ಚಿ, ಅರ್ಧ ಬ್ಲೇಡು ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ಎಡಗಣ್ಣು ಮುಚ್ಚಿದರು. ತಪ್ಪಿದ ಗೆರೆ ತೆಗೆಯುವ ಹಾಗೆ, ತೋಳಿನ ಒಳಮೈಯನ್ನು ಸುತ್ತಲೂ ಕೆರೆಯುತ್ತ ಬಂದರು. ನಾವೆಲ್ಲ ಸುತ್ತ ನಿಂತು ಗಡಿಯಾರ ನೋಡುತ್ತಿದ್ದೆವು, ಅವರು ಒಮ್ಮೆಯೂ ನೋಡಲಿಲ್ಲ. "ಲವಕರ್, ಬಾಯೀ, ಲವಕರ್," ಬೇಗ ಬೇಗ ಎಂದು ಮುದುಕಿ ಗೊಣಗಿದಳು. "ಅವಸರ ಮಾಡಿದರೆ ಹಾಳೆ ಹರಿಯತ್ತೆ," ಎಂದರು ಅಕ್ಕ ಕನ್ನಡದಲ್ಲಿ, ಯಾರಿಗೆಂದಲ್ಲದೆ. ಟೀಚರೊಬ್ಬರು ತುರುಬಿನ ಪಿನ್ನು ಕೊಟ್ಟರು, ಮೂಲೆಯ ಕಾಳು ಅದರಿಂದ ಬಂತು. ಮುದುಕಿ ಸೆರಗಿನಿಂದ ಒರೆಸಿದಳು.

ಈ ಸಲ ಕೊಳವೆ ತೋಳಿನೊಳಗೆ ಹೋಗಿ ಟಕ್ಕೆಂದು ಕೂತಿತು. ಬೋಲ್ಟು, ಚಕ್ರ, ತಂತಿ, ಹ್ಯಾಂಡಲ್ಲು. ಸ್ಪ್ಯಾನರಿನಿಂದ ಕೊನೆಯ ತಿರುವು ಬಿಗಿದು, ಖಾಲಿ ಚೀಲಗಳನ್ನು ಮಡಿಸಿ ಹಿಂದೆ ಕಟ್ಟಿ, ಹಸಿರು ಕಚ್ಚೆಯನ್ನೊಮ್ಮೆ ಎಳೆದು ನೋಡಿಕೊಂಡು ಹತ್ತಿದರು.

"ಹೋಗಿ ಕಾನ್ವೆಂಟು. ಅತ್ತೆ ಊಟಕ್ಕೆ ಕಾಯ್ತಾರೆ."

ಹಾದಿಯ ಮೊದಲ ತಿರುವಿನ ತನಕ ಕಾಣಿಸಿದರು. ಅಲ್ಲಿ ಇಳಿದು ತಳ್ಳಿದರು. ಮತ್ತೆ ಹತ್ತಿದರು. ಬಂಡೆಯೊಂದರ ಹಿಂದೆ ಹಸಿರು ಮರೆಯಾಯಿತು. ವಾಪಸು ರೈಲು ಬರುವ ತನಕ ನಾನು ಗುಡ್ಡವನ್ನೇ ನೋಡುತ್ತಿದ್ದೆ, ಅವರು ಮತ್ತೆ ಕಾಣಲಿಲ್ಲ.

ಮನೆಗೆ ಬಂದು ಅತ್ತೆಗೆ ಅನ್ನ ಹಾಕಿದೆ. ಅವರು ಕಲೆಸಿ ಕಲೆಸಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. "ಹತ್ತಿದಳಾ?" ಎಂದು ಒಂದೇ ಸಲ ಕೇಳಿದರು. ಗೊತ್ತಿಲ್ಲ ಎಂದೆ. ಕುಂಕುಮದ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ಮಧ್ಯಾಹ್ನವೆಲ್ಲ ಅವರು ಮಲಗಲಿಲ್ಲ. ಬಾಗಿಲು ತೆರೆದಿಡು, ಗಾಳಿ ಬರಲಿ ಎಂದರು. ಗಾಳಿ ಬರುವ ಬಾಗಿಲು ಅದಲ್ಲ.

ಸಂಜೆ ಮೆಟ್ಟಿಲ ಮೇಲೆ ಚೀಲ ತಗಲುವ ಸದ್ದಾಯಿತು. ಒಂದೊಂದು ಮೆಟ್ಟಿಲಿಗೂ ಒಮ್ಮೆ. ಅತ್ತೆ ತಕ್ಷಣ ಗೋಡೆಯ ಕಡೆ ತಿರುಗಿ ಮಲಗಿದರು.

ಅಕ್ಕನ ಮುಖ ಬಿಸಿಲಿಗೆ ಇಟ್ಟಿಗೆಯ ಬಣ್ಣವಾಗಿತ್ತು. ಸೀರೆಯ ಅಂಚಿಗೆ ಕೆಂಪು ಮಣ್ಣು. ಚೀಲ ಎರಡನ್ನೂ ಮಂಚದ ಕೆಳಗೆ ತಳ್ಳಿ, ನೆಲದ ಮೇಲೆ ಕೂತು, ಒಂದು ಚೊಂಬು ನೀರು ಕುಡಿದರು.

"ಮೂರು ಕಡೆ ಇಳಿದು ತಳ್ಳಿದೆ. ಉಳಿದದ್ದೆಲ್ಲ ಹತ್ತಿದೆ," ಎಂದರು. "ಗೇಟಿನವನು ಈ ಸೈಕಲ್ಲು ಯಾರದು ಅಂದ. ನಂದು ಅಂದೆ. ಸಾಹೇಬರು ಕಿಟಕಿ ಹತ್ತಿರ ಟೀ ಕುಡೀತಾ ನಿಂತಿದ್ದರು. ಒಂಬತ್ತು ಹೊಡೆದಿರಲಿಲ್ಲ."

ಗೋಡೆಯ ಕಡೆಯಿಂದ ದನಿ ಬಂತು. "ಏನಂದ ಅವನು?"

"ಗುಡ್ ಮಾರ್ನಿಂಗ್ ಅಂದರು. ಇನ್ನೇನು ಅಂತಾರೆ?"

ನಾನು ನಕ್ಕೆ. ಅಕ್ಕ ಎದ್ದು ನಕ್ಷೆ ತಂದು ಮಂಚದ ಮೇಲೆ ಹಾಸಿದರು.

"ಅತ್ತೆ, ಈ ಕಡೆ ತಿರುಗಿ. ತೋಳಿನೊಳಗೆ ಅಕ್ಷತೆ ಹಾಕಿದವರು ಯಾರು?"

ಅತ್ತೆ ತಿರುಗಿದರು. ಕುಂಕುಮ ಕಲೆಸಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಬಾಯಿ ಥರ ಇತ್ತು. ಹಾಕಿದೆ. ಅಷ್ಟು ದೂರ ಹೋಗೋಳನ್ನ ಬರೀ ಕಬ್ಬಿಣದ ಜೊತೆ ಕಳಿಸ್ಲಾ? ನಾನು ಇಡಬಾರದು, ಗೊತ್ತು. ಯಾರಿಗೂ ಕಾಣದ ಹಾಗೇ ಇಟ್ಟೆ."

"ನಿಮ್ಮ ಅಕ್ಷತೆಯಿಂದ ಇವತ್ತು ಕೆಲಸ ಹೋಗ್ತಿತ್ತು."

"ಹೋಗಲಿಲ್ಲವಲ್ಲ."

ಅಕ್ಕ ಚೀಲದಿಂದ ಸೈಕಲ್ಲಿನ ಮುಂದಿನ ಅರ್ಧ ಎಳೆದರು. ಬ್ಲೇಡು ಮುಟ್ಟದ ತಳದಲ್ಲಿ ಇನ್ನೂ ಒಂದಿಷ್ಟು ಕೆಂಪು ಉಳಿದಿತ್ತು. ಪಿನ್ನಿನ ತುದಿಯಿಂದ ಅದನ್ನು ತೆಗೆದು ಅತ್ತೆಯ ಹೆಬ್ಬೆರಳಿಗೆ ಹಚ್ಚಿದರು. ಅತ್ತೆ ಕೈ ಹಿಂದಕ್ಕೆಳೆಯಲು ನೋಡಿದರು. ಅಕ್ಕ ಬಿಡಲಿಲ್ಲ.

"ಒತ್ತಿ."

"ಎಲ್ಲೇ?"

"ಕೊನೇ ಮನೆ. ಇಲ್ಲಿ."

ಅತ್ತೆ ಒತ್ತಿದರು. ಗೆರೆ ಗೆರೆಯ ಹೆಬ್ಬೆರಳು ಆ ಸಣ್ಣ ಮನೆ ದಾಟಿ ಮೂರನೆಯ ಮನೆಯ ನನ್ನ ಸಹಿಯ ಮೇಲೂ ಹರಡಿತು.

"ಗುಡ್ಡ ಹಾಕಬೇಕು ಅಂದಿದ್ದಿರಲ್ಲ ಅಕ್ಕ?" ಎಂದೆ.

"ಗುಡ್ಡ ಇವರಿಗಿಂತ ಮೆತ್ತಗಿದೆ ಕಣ್ರೀ."

ಅತ್ತೆ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಒರೆಸಿಕೊಳ್ಳಲಿಲ್ಲ. "ಸಾಕು ಮಾತು," ಎಂದರು. "ಕಾಲಿಗೆ ಎಣ್ಣೆ ತಿಕ್ಕಿಕೊಂಡು ಬಿಸಿನೀರು ಹಾಕ್ಕೋ, ಹೋಗು. ನಾಳೆ ಆ ಗುಡ್ಡ ಏನು ತಗ್ಗಿರಲ್ಲ."